ಬಣ್ಣಕ್ಕೆ ಮೊದಲು ಗಾಳಿಯನ್ನು ಅಳೆಯಿರಿ

ಮನೆಯ ಷೆಡ್ಡಿನಲ್ಲಿಯೇ ಮೋಟಾರುಕಾರಿಗೆ ಬಣ್ಣ ಹೊಡೆಯಲು ಹೊರಟವನಿಗೆ ದೊರೆಯುವ ಮೊದಲನೆಯ ಉಪದೇಶವೆಂದರೆ, ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲವೆಂಬುದು. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧವನ್ನು ತಿಳಿಸದೆ ಇದನ್ನು ಸೂತ್ರದಂತೆ ಹೇಳಿಕೊಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ನೀರಿನ ಉಪಕಾರವನ್ನು ನೋಡೋಣ. ಪ್ಲಾಸ್ಟಿಕ್ಕಿನ ಬಂಪರನ್ನು ಒಣಬಟ್ಟೆಯಿಂದ ಉಜ್ಜಿದರೆ ಅದರ ಮೇಲೆ ವಿದ್ಯುದಾವೇಶ ಸಂಚಯವಾಗುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಅದು ಗಾಳಿಯಲ್ಲಿ ತೇಲುವ ಧೂಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕಾರಿನ ಲೋಹದ ಮೈಯನ್ನು ತಂತಿಯಿಂದ ಭೂಮಿಗೆ ಜೋಡಿಸಿ ಆವೇಶವನ್ನು ಹರಿಯಬಿಡಬಹುದು. ಪ್ಲಾಸ್ಟಿಕ್ಕು ಅವಾಹಕವಾದುದರಿಂದ ಅಲ್ಲಿ ಈ ಉಪಾಯ ನಡೆಯದು. ಗಾಳಿ ತೇವವಾಗಿದ್ದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಹರಡಿ, ಆವೇಶ ಮೆಲ್ಲನೆ ಸೋರಿಹೋಗುತ್ತದೆ.

ಇನ್ನು ಅಪಕಾರ. ಲ್ಯಾಕರ್ ಬಣ್ಣದಲ್ಲಿನ ತಿನ್ನರ್ ಬೇಗನೆ ಆವಿಯಾಗುತ್ತದೆ. ಬೆವರು ಆರುವಾಗ ನಮ್ಮ ಮೈ ತಂಪಾಗುವಂತೆ, ಆಗ ಬಣ್ಣದ ಮೈಯೂ ಕೆಲವು ಡಿಗ್ರಿ ತಂಪಾಗುತ್ತದೆ. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡಾ 40 ಇದ್ದರೆ ಇಬ್ಬನಿ ಕಟ್ಟಲು ಮೈ ಸುಮಾರು 15 ಡಿಗ್ರಿಗೆ ಇಳಿಯಬೇಕು, ಭಯವಿಲ್ಲ. ಆರ್ದ್ರತೆ ಶೇಕಡಾ 80 ಇದ್ದರೆ 26 ಡಿಗ್ರಿಗೆ ಇಳಿದರೆ ಸಾಕು. ಹಸಿ ಬಣ್ಣದ ಮೇಲೆ ನೀರು ಸಾಂದ್ರೀಕರಿಸಿ, ಹೊಳೆಯಬೇಕಾದ ಮೈ ಬಿಳಿಚಿಕೊಳ್ಳುತ್ತದೆ. ಏಪ್ರಿಲಿನ ಕಲಬುರಗಿಯಲ್ಲಿ ಉಪಕಾರಿಯಾದ ಒಂದು ಬಕೆಟ್ಟು ನೀರು, ಜುಲೈ ತಿಂಗಳ ಮಂಗಳೂರಿನಲ್ಲಿ ಕೆಲಸವನ್ನೇ ಕೆಡಿಸೀತು.

ನುರಿತ ಕೆಲಸಗಾರರು ಯಾವ ಮಾಪಕವನ್ನೂ ನೋಡುವುದಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಅವರ ಅನುಭವ ದೊಡ್ಡದು. ಆದರೆ ಅದು ಒಂದು ಊರಿನ, ಒಂದು ಹವೆಯ ಅನುಭವ. ಹೊಸಬನಿಗೆ ಅದು ಬಾಯಿಮಾತಿನಿಂದ ಬರುವುದಿಲ್ಲ. ಎರಡು ಉಷ್ಣಮಾಪಕಗಳನ್ನು ತಂದು, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿ, ಎರಡರ ಅಂತರವನ್ನು ಕೋಷ್ಟಕದಲ್ಲಿ ನೋಡಿದರೆ ಆರ್ದ್ರತೆ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು? ದುಬಾರಿ ಸ್ಪ್ರೇಗನ್ ಕೊಳ್ಳುವ ಮೊದಲು ಇದನ್ನು ಮಾಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಧೂಳಿಗೆ ಹೆದರಿ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚುವವರಿದ್ದಾರೆ. ತಿನ್ನರಿನ ಆವಿ ಉರಿಯುವಂಥದು. ಮುಚ್ಚಿದ ಕೋಣೆಯಲ್ಲಿ ಅದು ದಟ್ಟವಾದಾಗ, ಉಜ್ಜುವಿಕೆಯಿಂದ ಹುಟ್ಟಿದ ಸಣ್ಣ ಕಿಡಿಯೇ ಬೆಂಕಿ ಹೊತ್ತಿಸಲು ಸಾಕು. ಗಟ್ಟಿಕಾರಕವನ್ನು ಬೆರೆಸಿ ಬಳಸುವ ಪಾಲಿಯುರಿಥೇನ್ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದರ ತುಂತುರು ಉಬ್ಬಸ ತರಬಲ್ಲದು. ಸಾಮಾನ್ಯ ಧೂಳುಮುಸುಕು ಅದನ್ನು ತಡೆಯದು. ಅಂಥ ಬಣ್ಣವನ್ನು, ಶುದ್ಧ ಗಾಳಿ ಪೂರೈಸುವ ಮುಸುಕು ಮತ್ತು ಗಾಳಿ ಸೋಸಿ ಹೊರಹಾಕುವ ಕೋಣೆ ಇರುವ ಕಾರ್ಖಾನೆಗೇ ಬಿಡುವುದು ಮೇಲು. ಬಣ್ಣದಲ್ಲಿ ಸಿಕ್ಕಿದ ಧೂಳಿನ ಕಣವನ್ನು ನಾಳೆ ಉಜ್ಜಿ ತೆಗೆಯಬಹುದು. ಕೆಟ್ಟ ಶ್ವಾಸಕೋಶಕ್ಕೆ ಅಂಥ ಉಪಾಯವಿಲ್ಲ.