ಅತಿಥಿಯ ಹಕ್ಕು, ಅತಿಥಿಯ ಹೊಣೆ

ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಮೊಮ್ಮಗುವಿನ ಸ್ನಾನದೀಕ್ಷೆಗೆ ಹೋಗಬೇಕೆನ್ನುವ ಅಜ್ಜ-ಅಜ್ಜಿಯರು, ರೋಮ್, ಲೂರ್ದು, ಫಾತಿಮಾಗಳ ದರ್ಶನವನ್ನು ಬಯಸುವ ಯಾತ್ರಿಕರು, ಕಾಫಿ, ಗೋಡಂಬಿಗಳ ವ್ಯವಹಾರಕ್ಕಾಗಿ ಮೇಳಗಳಿಗೆ ತೆರಳುವ ವರ್ತಕರು, ಇವರೆಲ್ಲರೂ ಒಂದೇ ಬಾಗಿಲ ಮುಂದೆ ನಿಲ್ಲಬೇಕಾಗಿದೆ. ಅದು ವೀಸಾ ಎಂಬ ಬಾಗಿಲು. ಪ್ರತಿಯೊಂದು ಪ್ರಯಾಣಕ್ಕೂ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಆತಂಕ. ಆದುದರಿಂದಲೇ, ಹಲವು ವರ್ಷಗಳವರೆಗೆ ಹಲವು ಸಲ ಪ್ರವೇಶಿಸಲು ಅವಕಾಶ ನೀಡುವ ದೀರ್ಘಾವಧಿ ವೀಸಾದ ಬಗೆಗೆ ಇಲ್ಲಿ ವಿಚಾರ ಮಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಯೂರೋಪಿನ 29 ದೇಶಗಳು ಸೇರಿ ಷೆಂಗೆನ್ ವೀಸಾವನ್ನು ನೀಡುತ್ತವೆ. ಇಂಗ್ಲೆಂಡ್ ಮತ್ತು ಐರ್ಲೆಂಡ್ ಈ ಕೂಟದಲ್ಲಿಲ್ಲ. ವ್ಯಾಟಿಕನ್‌ಗೆ ಇಟಲಿಯ ಮೂಲಕವೇ ಹೋಗಬೇಕಾದುದರಿಂದ ರೋಮ್ ಯಾತ್ರಿಕರಿಗೂ ಇದೇ ವೀಸಾ ಬೇಕು. 2024ರ ಏಪ್ರಿಲ್ 18ರಂದು ಐರೋಪ್ಯ ಆಯೋಗವು ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ವಿಶೇಷ ನಿಯಮವೊಂದನ್ನು ಅಂಗೀಕರಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಅವುಗಳನ್ನು ಕ್ರಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ ದೊರೆಯಬಹುದು. ಪಾಸ್‌ಪೋರ್ಟಿನ ಅವಧಿ ಸಾಕಷ್ಟು ಉಳಿದಿದ್ದರೆ, ಅದರ ತರುವಾಯ ಸಾಮಾನ್ಯವಾಗಿ ಐದು ವರ್ಷಗಳ ವೀಸಾ.

ಈ ಏರ್ಪಾಡಿನಲ್ಲಿ ಒಂದು ನೈತಿಕ ತತ್ತ್ವ ಅಡಗಿದೆ. ಮೊದಲ ಸಲ ಬಂದವನು ಹೇಳಿದ ದಿನಕ್ಕೆ ಹಿಂದಿರುಗಿದರೆ ಎರಡನೆಯ ಸಲ ಅವನ ಮೇಲೆ ವಿಶ್ವಾಸ ಹೆಚ್ಚುತ್ತದೆ, ಮೂರನೆಯ ಸಲ ಇನ್ನಷ್ಟು. ಅಂದರೆ ದೀರ್ಘಾವಧಿ ವೀಸಾ ಹಣ ತೆತ್ತು ಕೊಳ್ಳುವ ಸರಕಲ್ಲ; ಕೊಟ್ಟ ಮಾತನ್ನು ಉಳಿಸಿಕೊಂಡವನಿಗೆ ಮೆಟ್ಟಿಲು ಮೆಟ್ಟಿಲಾಗಿ ಲಭಿಸುವ ವಿಶ್ವಾಸ. ಮೊದಲ ಅರ್ಜಿಯಲ್ಲಿಯೇ ಐದು ವರ್ಷಗಳದ್ದನ್ನು ಕೊಡಿಸುತ್ತೇವೆಂದು ಹೇಳಿ ಹಣ ಕೇಳುವ ದಲ್ಲಾಳಿಗಳ ಮಾತಿಗೆ ಮರುಳಾಗುವವರು ಈ ಸರಳ ಸತ್ಯವನ್ನು ಮರೆಯುತ್ತಾರೆ.

ಜರ್ಮನಿಯ ದಾರ್ಶನಿಕ ಇಮ್ಯಾನ್ಯುಯೆಲ್ ಕಾಂಟ್ 1795ರಲ್ಲಿ ಪ್ರಕಟಿಸಿದ, ಶಾಶ್ವತ ಶಾಂತಿಯನ್ನು ಕುರಿತ ಪ್ರಬಂಧದಲ್ಲಿ ಒಂದು ಸೂಕ್ಷ್ಮ ಭೇದವನ್ನು ಗುರುತಿಸಿದ್ದಾನೆ. ಭೂಮಿ ಗೋಲವಾಗಿದೆ, ಮಾನವರು ಅದರ ಮೇಲೆ ಪರಸ್ಪರ ಎದುರಾಗಲೇಬೇಕು. ಆದುದರಿಂದ ಶಾಂತಿಯಿಂದ ಬರುವ ಪರದೇಶಿಯನ್ನು ಶತ್ರುವೆಂದು ಕಾಣಬಾರದು. ಭೇಟಿ ನೀಡುವ ಹಕ್ಕು ಮನುಷ್ಯಮಾತ್ರನಿಗೆ ಉಂಟು. ಆದರೆ ನೆಲೆಸುವ ಹಕ್ಕು ಬೇರೆ. ಅದಕ್ಕೆ ಪ್ರತ್ಯೇಕ ಒಪ್ಪಂದ ಅಗತ್ಯ. ಪ್ರವಾಸಿ ಅಥವಾ ವ್ಯಾಪಾರಿ ವೀಸಾದ ಸ್ವರೂಪವೂ ಇದೇ. ಅದು ಭೇಟಿಯ ಹಕ್ಕು, ವಾಸದ ಹಕ್ಕಲ್ಲ.

ಈ ಭೇದ ನಮ್ಮವರಲ್ಲಿ ಹಲವರಿಗೆ ಸ್ಪಷ್ಟವಾಗಿಲ್ಲ. ಐದು ವರ್ಷಗಳ ವೀಸಾ ಎಂದರೆ ಐದು ವರ್ಷ ಅಲ್ಲಿರಬಹುದೆಂದು ತಿಳಿಯುವವರಿದ್ದಾರೆ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಉದಾಹರಣೆಗೆ, 2026ರ ಜನವರಿ 1ರಿಂದ ಮಾರ್ಚ್ 31ರವರೆಗೆ ಅಲ್ಲಿದ್ದವರಿಗೆ 90 ದಿನಗಳು ಪೂರ್ಣವಾಗುತ್ತವೆ. ಜೂನ್ 30ಕ್ಕೆ ಮುನ್ನ ಅವರು ಮರಳಿ ಪ್ರವೇಶಿಸುವಂತಿಲ್ಲ. ನಡುವೆ ಲಂಡನ್ನಿಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಆರಂಭವಾಗುತ್ತದೆಂಬುದು ಭ್ರಮೆ. 2025ರ ಅಕ್ಟೋಬರ್ 12ರಿಂದ ಆಗಮನ-ನಿರ್ಗಮನಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆಯೂ ಅಲ್ಲಿ ಹಂತಹಂತವಾಗಿ ಜಾರಿಗೆ ಬಂದಿದೆ.

ಉದ್ದೇಶದ ವಿಷಯದಲ್ಲಿಯೂ ಪ್ರಾಮಾಣಿಕತೆ ಬೇಕು. ವ್ಯವಹಾರಕ್ಕಾಗಿ ಹೋಗುವವರು ಸಭೆ ನಡೆಸಬಹುದು, ಮೇಳ ನೋಡಬಹುದು, ಕರಾರು ಮಾಡಿಕೊಳ್ಳಬಹುದು, ಕೂಲಿಗೆ ದುಡಿಯುವಂತಿಲ್ಲ. ಸಂದರ್ಶಕರ ವೀಸಾದಲ್ಲಿ ಹೋಗಿ ಗುಟ್ಟಾಗಿ ಕೆಲಸಕ್ಕೆ ನಿಲ್ಲುವ ಯುವಕನು ಸಂಬಳ ಕೊಡದಿದ್ದರೂ ದೂರು ನೀಡಲು ಅಂಜುತ್ತಾನೆ. ಕಾಯಿಲೆ ಬಿದ್ದರೂ ಆಸ್ಪತ್ರೆಗೆ ಹೋಗಲು ಹೆದರುತ್ತಾನೆ. ಮಗನ ಭವಿಷ್ಯಕ್ಕಾಗಿ ಸಾಲ ಮಾಡಿ ಅಂಥ ದಾರಿಗೆ ಕಳುಹಿಸುವ ತಂದೆ-ತಾಯಿಯರು ಅವನನ್ನು ನೆರಳಿನ ಬಾಳಿಗೆ ದೂಡುತ್ತಿದ್ದಾರೆ. ಅದರ ಫಲವನ್ನು ನಿರಪರಾಧಿಗಳೂ ಉಣ್ಣುತ್ತಾರೆ. ಸ್ಥಳೀಯ ಪರಿಸ್ಥಿತಿಯನ್ನೂ ಅಕ್ರಮ ವಲಸೆಯ ಸಂಭವವನ್ನೂ ನೋಡಿ ನಿಯಮಗಳನ್ನು ಸಡಿಲಿಸಲು ಅಥವಾ ಬಿಗಿಗೊಳಿಸಲು ಐರೋಪ್ಯ ವೀಸಾ ಸಂಹಿತೆಯಲ್ಲಿ ಅವಕಾಶವಿದೆ. ಒಬ್ಬನು ಮುರಿದ ಮಾತಿಗೆ ನೆರೆಮನೆಯ ಅಜ್ಜಿ ಬೆಲೆ ತೆರಬೇಕಾದೀತು.

ಹಾಗೆಂದು ಬಾಗಿಲು ಕಾಯುವವರೆಲ್ಲ ನಿರ್ದೋಷಿಗಳೆಂದು ನಾವು ಹೇಳುತ್ತಿಲ್ಲ. 2024ರ ಜೂನ್‌ನಿಂದ ಷೆಂಗೆನ್ ವೀಸಾದ ಶುಲ್ಕ ವಯಸ್ಕರಿಗೆ 90 ಯೂರೋ. ಅರ್ಜಿ ತಿರಸ್ಕೃತವಾದರೂ ಅದು ಮರಳಿ ಬಾರದು. ಬ್ಯಾಂಕಿನ ಲೆಕ್ಕ ತುಂಬಿದವನನ್ನು ನಂಬುವುದು ಸುಲಭ. ಅಡಿಕೆ ತೋಟದ ಆದಾಯದಲ್ಲಿ ಗೌರವದಿಂದ ಬಾಳಿದ ವಿಧವೆ ತಾನು ಹಿಂದಿರುಗುವೆನೆಂದು ಕಾಗದದಲ್ಲಿ ಸಿದ್ಧಪಡಿಸುವುದು ಕಷ್ಟ. ಬಡತನವೇ ಸಂಶಯಕ್ಕೆ ಆಧಾರವಾದರೆ ಅದು ನ್ಯಾಯವಲ್ಲ. ಬಲವುಳ್ಳ ರಾಷ್ಟ್ರಗಳು ಮನುಷ್ಯನನ್ನು ಅವನ ದೇಶದ ಹೆಸರಿನಿಂದಲ್ಲ, ಅವನ ನಡತೆಯಿಂದ ಅಳೆಯಬೇಕು. 2024ರ ನಿಯಮ ಆ ದಿಕ್ಕಿನಲ್ಲಿ ಇಟ್ಟ ಹೆಜ್ಜೆಯಾದುದರಿಂದಲೇ ನಾವು ಅದನ್ನು ಸ್ವಾಗತಿಸುತ್ತೇವೆ.

ಹಾಗಾದರೆ ನಮ್ಮ ಕುಟುಂಬಗಳು ಮಾಡಬೇಕಾದುದೇನು? ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದಾದುದರಿಂದ ಕೊನೆಯ ಗಳಿಗೆಯವರೆಗೆ ಕಾಯಬೇಡಿರಿ. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಿರಿ. ಸುಲಭವಾಗಿ ಸಿಗುತ್ತದೆಂದು ಬೇರೊಂದು ದೇಶದ ಹೆಸರನ್ನು ಬರೆಯಬೇಡಿರಿ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ಮಾಡಿಸಿರಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ತಿಳಿಸಲೇಬೇಕು, ಮೇಲ್ಮನವಿಗೂ ಹಕ್ಕಿದೆ. ಆ ಹಕ್ಕನ್ನು ಬಳಸಿರಿ. ಧರ್ಮಗುರುಗಳಿಂದ ಪತ್ರ ಕೇಳುವವರು ನಿಜವಾದ ಉದ್ದೇಶಕ್ಕೆ ಮಾತ್ರ ಕೇಳಲಿ. ಯಾತ್ರೆಯ ಹೆಸರಿನಲ್ಲಿ ಉದ್ಯೋಗ ಅರಸುವವರಿಗೆ ನಾವು ಪತ್ರ ಬರೆದರೆ ಅದು ಸುಳ್ಳುಸಾಕ್ಷಿಯೇ ಸರಿ.

ಅತಿಥಿಯನ್ನು ಆದರಿಸುವುದು ಆತಿಥೇಯನ ಧರ್ಮ. ಹೇಳಿದ ದಿನಕ್ಕೆ ಎದ್ದು ಹೊರಡುವುದು ಅತಿಥಿಯ ಧರ್ಮ. ಈ ಎರಡೂ ಉಳಿದಲ್ಲಿ ಮಾತ್ರ ಬಾಗಿಲು ಮುಂದಿನವರಿಗೂ ತೆರೆದಿರುತ್ತದೆ.