ಒಡೆದು ನೋಡಿದೆವು, ಕೂಡಿಸಿ ನೋಡುವುದೆಂದು?

ಮಳೆಗಾಲ ಬಿರುಸಾದಾಗಲೆಲ್ಲ ನಮ್ಮ ಕಿವಿಗೆ ಎರಡು ಭಾಷೆಗಳಲ್ಲಿ ಒಂದೇ ದೂರು ಬೀಳುತ್ತದೆ. ಶಿರೋಳ ತಾಲೂಕಿನ ಹಳ್ಳಿಗಳು ಮುಳುಗಿದಾಗ, ಕರ್ನಾಟಕದವರು ಆಲಮಟ್ಟಿಯಲ್ಲಿ ನೀರು ತಡೆದರೆಂದು ಮರಾಠಿಯಲ್ಲಿ ಕೇಳುತ್ತೇವೆ. ಚಿಕ್ಕೋಡಿ ಭಾಗದ ಹಳ್ಳಿಗಳು ಮುಳುಗಿದಾಗ, ಮಹಾರಾಷ್ಟ್ರದವರು ಕೊಯ್ನಾದಿಂದ ನೀರು ಬಿಟ್ಟರೆಂದು ಕನ್ನಡದಲ್ಲಿ ಕೇಳುತ್ತೇವೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರಾದ ನಮಗೆ ಎರಡೂ ಮಾತು ಅರ್ಥವಾಗುತ್ತವೆ. ಅರ್ಥವಾಗಿಯೂ ಸುಮ್ಮನಿದ್ದೇವೆ. ಆ ಮೌನದ ವಿರುದ್ಧವೇ ಈ ಲೇಖನ.

ಇಂಥ ಒಡಕು ನೋಟಕ್ಕೆ ಕೆಲವರು ಆಧುನಿಕ ವಿಜ್ಞಾನವನ್ನೇ ಹೊಣೆ ಮಾಡುತ್ತಾರೆ. ಪಶ್ಚಿಮದ ವಿಜ್ಞಾನವು ಜಗತ್ತನ್ನು ತುಂಡರಿಸಿತು, ಸಮಗ್ರದೃಷ್ಟಿ ನಮ್ಮ ಪೂರ್ವಿಕರ ಸೊತ್ತು ಎಂಬುದು ಅವರ ವಾದ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಈ ವಾದವನ್ನು ನಾವು ಒಪ್ಪುವುದಿಲ್ಲ. ಫ್ರಾನ್ಸಿನ ದೆಕಾರ್ತ್ 1637ರಲ್ಲಿ ವಿಚಾರದ ವಿಧಾನವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ನಾಲ್ಕು ನಿಯಮಗಳಿವೆ. ಸ್ಪಷ್ಟವಾಗಿ ತಿಳಿಯದುದನ್ನು ನಿಜವೆಂದು ಒಪ್ಪಬಾರದು. ಕಠಿಣ ಸಮಸ್ಯೆಯನ್ನು ಬಿಡಿಭಾಗಗಳಾಗಿ ಒಡೆಯಬೇಕು. ಸರಳದಿಂದ ಜಟಿಲಕ್ಕೆ ಕ್ರಮವಾಗಿ ಏರಬೇಕು. ಕೊನೆಗೆ ಏನೂ ಬಿಟ್ಟುಹೋಗಿಲ್ಲವೆಂದು ಖಾತ್ರಿಯಾಗುವಷ್ಟು ಪೂರ್ಣವಾಗಿ ಎಲ್ಲವನ್ನೂ ಎಣಿಸಿ ನೋಡಬೇಕು. ನಾವು ಎರಡನೆಯದನ್ನು ಕಲಿತು ನಾಲ್ಕನೆಯದನ್ನು ಮರೆತೆವು. ತಪ್ಪು ವಿಜ್ಞಾನದ್ದಲ್ಲ, ಅರ್ಧ ಓದಿದವರದು. 1687ರಲ್ಲಿ ನ್ಯೂಟನ್ ಬೀಳುವ ಕಲ್ಲನ್ನೂ ಸುತ್ತುವ ಚಂದ್ರನನ್ನೂ ಕಡಲಿನ ಉಬ್ಬರವಿಳಿತವನ್ನೂ ಒಂದೇ ನಿಯಮದಲ್ಲಿ ಕಟ್ಟಿದನು. ಅದು ಒಡೆಯುವ ಕೆಲಸವೋ, ಕೂಡಿಸುವ ಕೆಲಸವೋ?

ಒಂದು ಕೊರತೆಯಿದ್ದುದು ನಿಜ. ಜೀವಿಯ ದೇಹ, ಕಾಡು, ನಗರ ಇಂಥವುಗಳಲ್ಲಿ ಬಿಡಿಭಾಗಗಳಷ್ಟೇ ಅವುಗಳ ನಡುವಣ ಸಂಬಂಧವೂ ಮುಖ್ಯ. ಇದನ್ನು ಎತ್ತಿ ಹೇಳಿ ವ್ಯವಸ್ಥಾಚಿಂತನೆಗೆ ತಳಹದಿ ಹಾಕಿದವರೂ ವಿಜ್ಞಾನಿಗಳೇ: ಜೀವವಿಜ್ಞಾನಿ ಬರ್ಟಲಾನ್ಫಿ, 1948ರಲ್ಲಿ ‘ಸೈಬರ್ನೆಟಿಕ್ಸ್’ ಪ್ರಕಟಿಸಿದ ಗಣಿತಜ್ಞ ನಾರ್ಬರ್ಟ್ ವೀನರ್. ಪರಿಣಾಮವು ಮರಳಿ ಬಂದು ಕಾರಣವನ್ನೇ ತಿದ್ದುತ್ತದೆ ಎಂಬುದು ಈ ಚಿಂತನೆಯ ಜೀವಾಳ. ಇದರ ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿ ಅಣೆಕಟ್ಟಿಗೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ನೀರು ಮಟ್ಟ ಮೀರಿದರೆ ತಾವೇ ತೆರೆಯುತ್ತವೆ, ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ಪುಣೆಯ ಬಳಿಯ ಖಡಕವಾಸ್ಲಾದಲ್ಲಿ ವಿಶ್ವೇಶ್ವರಯ್ಯನವರು ಕಳೆದ ಶತಮಾನದ ಆರಂಭದಲ್ಲೇ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದರು. ನಮ್ಮವರೇ ಮೊದಲಿಗರೆಂದು ಬೀಗಲು ಇದನ್ನು ಹೇಳುತ್ತಿಲ್ಲ. ವಾಟನ ಉಗಿಯಂತ್ರದ ನಿಯಂತ್ರಕದಲ್ಲೂ ಇದೇ ತತ್ತ್ವವಿತ್ತು. ನಮ್ಮ ಪ್ರಶ್ನೆ ಬೇರೆ. ಜೀವವಿಲ್ಲದ ಬಾಗಿಲೊಂದು ನೀರಿನ ಮಾತು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ, ನಾವೇಕೆ ತಿದ್ದಿಕೊಳ್ಳುವುದಿಲ್ಲ?

ಕೊಲ್ಹಾಪುರದ ಹತ್ತಿರ ಪ್ರಯಾಗ ಚಿಖಲಿಯಲ್ಲಿ ರೂಪುಗೊಳ್ಳುವ ಪಂಚಗಂಗೆ ಇಚಲಕರಂಜಿಯನ್ನು ಹಾದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರದತ್ತ ಹರಿದು ಘಟಪ್ರಭೆಯನ್ನು ಸೇರುತ್ತದೆ. ಮೇಲಿನ ಊರು ಚರಂಡಿಗೆ ಬಿಟ್ಟದ್ದು ಕೆಳಗಿನ ಊರಿನ ಕೊಡಕ್ಕೆ ಬರುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜನ ಸತ್ತರು. ಅದು ಹೊಲಸು ಬೆರೆತ ನೀರಿನಿಂದ ಹರಡುವ ಬಗೆಯ ಕಾಮಾಲೆ. ರೋಗವನ್ನು ಆಸ್ಪತ್ರೆಯ ಲೆಕ್ಕಕ್ಕೆ, ಕೊಳಚೆಯನ್ನು ಪೌರಾಡಳಿತದ ಲೆಕ್ಕಕ್ಕೆ, ನದಿಯನ್ನು ನೀರಾವರಿಯ ಲೆಕ್ಕಕ್ಕೆ ಬರೆದುಕೊಂಡರೆ ಸಾವಿನ ಕಾರಣ ಯಾವ ಕಡತದಲ್ಲೂ ಸಿಗುವುದಿಲ್ಲ. ಮಗ್ಗದ ಊರಿನವರಿಗೆ ಇದನ್ನು ಹೇಳಿಕೊಡಬೇಕೆ? ಹಾಸಿನ ಎಳೆಗಳನ್ನೂ ಹೊಕ್ಕಿನ ಎಳೆಗಳನ್ನೂ ಬೇರೆಬೇರೆ ಎಣಿಸಿಟ್ಟರೆ ನೂಲಿನ ಲೆಕ್ಕ ಸಿಕ್ಕೀತು, ಬಟ್ಟೆ ಸಿಗದು.

2005, 2019, 2021ರ ಮಹಾಪೂರಗಳನ್ನು ನಾವು ಕಂಡಿದ್ದೇವೆ. 2019ರ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಆ ಪೂರಕ್ಕೆ ಆಲಮಟ್ಟಿಯನ್ನು ಕಾರಣವೆನ್ನಲಿಲ್ಲ; ಅತಿವೃಷ್ಟಿಯತ್ತ, ನದಿಯ ಪಾತ್ರದ ಅತಿಕ್ರಮಣದತ್ತ ಬೆರಳು ಮಾಡಿತು. ಇದನ್ನು ಕನ್ನಡದ ಗೆಲುವೆಂದು ಮೆರೆಯುವವರೊಡನೆಯೂ ನಮಗೆ ಜಗಳವಿದೆ. ಆಲಮಟ್ಟಿಯಿಂದ ಎಷ್ಟು ನೀರನ್ನು ಯಾವಾಗ ಬಿಡಬೇಕೆಂಬುದು ಸಹ್ಯಾದ್ರಿಯ ಮಳೆಗೆ ಕಿವಿಗೊಟ್ಟು ನಿರ್ಧಾರವಾಗಬೇಕು. ಕೊಯ್ನಾದ ಬಾಗಿಲು ತೆರೆಯುವ ಗಳಿಗೆ ಕೆಳಗಿನ ನದಿಯ ಮಟ್ಟವನ್ನು ನೋಡಿ ನಿರ್ಧಾರವಾಗಬೇಕು. ಅಪರಾಧಿಯನ್ನು ಹುಡುಕುವವನಿಗೆ ಒಂದು ಅಣೆಕಟ್ಟು ಸಾಕು. ಪೂರದಿಂದ ಜನರನ್ನು ಉಳಿಸಬೇಕೆನ್ನುವವನಿಗೆ ಇಡೀ ಕಣಿವೆ ಬೇಕು.

ಸಾಹಿತ್ಯ ಸಮ್ಮೇಳನಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವಿಲ್ಲವೆನ್ನುವ ಈ ಅಭ್ಯಾಸವೇ ನಮ್ಮ ರೋಗ. ಕಾದಂಬರಿ ಬರೆದ ಕೈಯಿಂದಲೇ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರು ಮರಾಠಿ ಕಥೆಗಳ ಮೂಲಕ ವಿಜ್ಞಾನವನ್ನು ಸಾಮಾನ್ಯ ಓದುಗರ ಬಳಿಗೆ ತಂದರು. ನಮ್ಮ ಸಮ್ಮೇಳನಗಳಲ್ಲಿ ಕವಿಗೋಷ್ಠಿಯಿದೆ, ಸನ್ಮಾನವಿದೆ, ಗಡಿಯ ಕುರಿತು ಆವೇಶದ ಭಾಷಣಗಳಿವೆ. ಗಡಿ ದಾಟಿ ಹರಿಯುವ ನೀರಿನ ವಿಚಾರಕ್ಕೆ ಒಂದು ಗಂಟೆಯ ಬಿಡುವಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ. ಪ್ರತಿ ಸಮ್ಮೇಳನದಲ್ಲೂ ವಿಜ್ಞಾನಕ್ಕೆ ಒಂದು ಗೋಷ್ಠಿ ಮೀಸಲಾಗಲಿ. ಪೂರದ ವರದಿಗಳ ಸಾರವನ್ನು ಸಂಘವು ಕನ್ನಡಕ್ಕೂ, ಕರ್ನಾಟಕದ ಕಡೆಯ ಮಾಹಿತಿಯನ್ನು ಮರಾಠಿಗೂ ತರಲಿ. ಶಿರೋಳದ ಮಕ್ಕಳೂ ಚಿಕ್ಕೋಡಿಯ ಮಕ್ಕಳೂ ಮಳೆಗಾಲದಲ್ಲಿ ತಮ್ಮ ಊರಿನ ನೀರಿನ ಮಟ್ಟವನ್ನು ದಿನವೂ ಬರೆದಿಟ್ಟು ಪರಸ್ಪರ ಕಳಿಸಿಕೊಳ್ಳಲಿ. ಎರಡು ಭಾಷೆ ಬಲ್ಲವರಿಗೆ ಎರಡು ದಡಗಳ ಹೊಣೆಯೂ ಇದೆ. ಆ ಹೊಣೆಯನ್ನು ಹೊರಲಾರೆವಾದರೆ, ಮುಂದಿನ ಮಳೆಗಾಲದಲ್ಲಿ ಯಾರನ್ನೂ ದೂರುವ ಹಕ್ಕು ನಮಗಿರುವುದಿಲ್ಲ.