ಹೊರಗೆ ಹೋದವನು ಮತ್ತೆ ಬರಬಹುದು

ಮಕ್ಕಳೇ, ಫುಟ್ಸಾಲ್ ಎಂದರೆ ಪುಟ್ಟ ಅಂಗಳದ ಫುಟ್‌ಬಾಲ್. ತಂಡಕ್ಕೆ 5 ಜನ. ಚೆಂಡು ಕೊಂಚ ಚಿಕ್ಕದು, ಹೆಚ್ಚು ಪುಟಿಯುವುದಿಲ್ಲ. 1930ರಲ್ಲಿ ಉರುಗ್ವೆ ದೇಶದ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಈ ಆಟವನ್ನು ರೂಪಿಸಿದರು.

ಬೆಂಗಳೂರಿನಲ್ಲಿ ನಾವು ಗೆಳೆಯರು ಅಂಗಳದ ಬಾಡಿಗೆ ಹಂಚಿಕೊಂಡು ಶನಿವಾರ ಸಂಜೆ ಆಡುತ್ತಿದ್ದೆವು. ಶುರು ಮಾಡಿದಾಗ ಯಾರಿಗೂ ಮದುವೆಯಾಗಿರಲಿಲ್ಲ. ಈಗ ನಮ್ಮ ಮಕ್ಕಳು ಅಂಚಿನಲ್ಲಿ ಕೂತು ಕೂಗುತ್ತಾರೆ.

ಒಮ್ಮೆ ಸುಲಭದ ಚೆಂಡು ನಮ್ಮ ಗೋಲ್‌ಕೀಪರ್‌ನ ಕೈಜಾರಿತು, ಸೋತೆವು. ಎಲ್ಲರೆದುರು ಅವನನ್ನು ಬೈದೆ. ಮುಂದಿನ ಶನಿವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಬಿಂಕದಿಂದ ನಾನೂ ಫೋನ್ ಮಾಡಲಿಲ್ಲ. ಹೀಗೇ 2 ವರ್ಷ ಕಳೆಯಿತು.

ಒಂದು ದಿನ ಅಮ್ಮ ಕೇಳಿದರು: “ಆಟ ಮುಗಿಸಿ ಚಕ್ಕುಲಿ ತಿನ್ನೋಕೆ ಬರ್ತಿದ್ದನಲ್ಲ, ಆ ಹುಡುಗ ಎಲ್ಲಿ ಹೋದನೋ?”

ಉತ್ತರ ಹೇಳಲು ನಾಚಿಕೆಯಾಯಿತು. ಅಂದೇ ಅವನ ಮನೆಗೆ ಹೋದೆ. “ತಪ್ಪು ನನ್ನದು ಕಣೋ” ಎಂದೆ. ಅವನು ಮಾತಾಡದೆ ಒಳಗೆ ಹೋದ. ಕೈಗವಸು ಹಿಡಿದು ಬಂದು ಕೇಳಿದ: “ಶನಿವಾರ ಎಷ್ಟು ಗಂಟೆಗೆ?”

ದೊಡ್ಡ ಫುಟ್‌ಬಾಲ್ ಪಂದ್ಯಗಳಲ್ಲಿ ಬದಲಿಯವನಿಗೆ ಜಾಗ ಬಿಟ್ಟುಕೊಟ್ಟವನು ಮತ್ತೆ ಒಳಬರುವಂತಿಲ್ಲ. ಫುಟ್ಸಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಬರಬಹುದು. ನೀವು ಯಾರ ಜೊತೆಗಾದರೂ ಠೂ ಬಿಟ್ಟಿದ್ದರೆ ಇವತ್ತೇ ಹೋಗಿ ಕರೆಯಿರಿ. ಅಜ್ಜ ಅಜ್ಜಿಯರೇ, ಈ ಮಾತು ನಿಮಗೂ ಸೇರಿತು!